ಇಟಲಿಗೆ 16 ದಿನ, ಅಮ್ಮನೂ ಜೊತೆಗೆ: ಯಾವ ಗೈಡ್ ಪುಸ್ತಕ ತೆಗೆದುಕೊಳ್ಳಲಿ?

ಸಾಗರದವಳು:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಇಟಲಿಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, 11 ವರ್ಷದ ಮಗಳು, ಮತ್ತೆ ನನ್ನ ಅಮ್ಮ. ಅಮ್ಮನಿಗೆ 68. ಸಾಗರದಲ್ಲಿ 30 ವರ್ಷ ಹೈಸ್ಕೂಲ್ ಮಕ್ಕಳಿಗೆ ಇತಿಹಾಸ ಪಾಠ ಮಾಡಿದವರು. ಪಾಂಪೇ, ರೋಮ್, ಲಿಯೊನಾರ್ಡೊ ಅಂತ ಬೋರ್ಡಿನ ಮೇಲೆ ಬರೆದು ಬರೆದು ಸಾಕಾಗಿದೆ, ಒಂದು ಸಲ ಕಣ್ಣಿಂದ ನೋಡಬೇಕು ಅಂತ ಅವರಿಗೆ ಎಷ್ಟೋ ವರ್ಷದ ಆಸೆ.

ದಾರಿ ಹೀಗೆ ಹಾಕಿಕೊಂಡಿದ್ದೇವೆ: ಮಿಲಾನ್, ಪಾದುವಾ (ಅಲ್ಲೇ ಉಳಿದು ವೆನಿಸ್‌ಗೆ ಹೋಗಿಬರುವುದು), ರವೆನ್ನಾ, ಫ್ಲಾರೆನ್ಸ್, ರೋಮ್, ನೇಪಲ್ಸ್. ಎಲ್ಲಾ ರೈಲಿನಲ್ಲೇ.

ಟೂರ್ ಪ್ಯಾಕೇಜ್ ಬೇಡ ಅಂತ ಗಟ್ಟಿಯಾಗಿ ತೀರ್ಮಾನ ಮಾಡಿದ್ದೇವೆ. ಹಾಗಾಗಿ ಒಳ್ಳೆಯ ಗೈಡ್ ಪುಸ್ತಕ ಬೇಕು. ಕಳೆದ ಶನಿವಾರ ಪುಸ್ತಕದಂಗಡಿಗೆ ಹೋಗಿ ಒಂದು ಗಂಟೆ ನಿಂತೆ. ಇಟಲಿ ಒಂದರದ್ದೇ ಒಂದು ಸಾಲು ಪುಸ್ತಕ ಇವೆ, ಒಂದೊಂದೂ ಇಟ್ಟಿಗೆಯಷ್ಟು ದಪ್ಪ, ಬೆಲೆಯೂ ಸಾವಿರದ ಮೇಲೆ. ಎಲ್ಲದರ ಹಿಂದೆಯೂ ಇದೇ ಬೆಸ್ಟ್ ಅಂತ ಬರೆದಿದ್ದಾರೆ. ಏನೂ ತೆಗೆದುಕೊಳ್ಳದೆ ವಾಪಸ್ ಬಂದೆ.

ನಾವು ಸಸ್ಯಾಹಾರಿಗಳು, ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ. ಅವರಿಗೆ ಮಂಡಿ ನೋವು ಇದೆ. ಇಂಗ್ಲಿಷ್ ಓದುತ್ತಾರೆ, ಆದರೆ ನಿಧಾನ. ಎರಡು ಪುಸ್ತಕಕ್ಕಿಂತ ಜಾಸ್ತಿ ಕೊಳ್ಳುವ ಹಾಗಿಲ್ಲ. ಹೋಗಿಬಂದವರು ಹೇಳಿ.

ರೈಲುಪ್ರೇಮಿ:

ಮೇಡಂ, ನಾನು ಇಟಲಿಗೆ ಮೂರು ಸಲ ಹೋಗಿದ್ದೇನೆ, ಮೂರು ಸಲವೂ ಬೇರೆ ಬೇರೆ ಪುಸ್ತಕ ಹಿಡಿದುಕೊಂಡು. ನನಗೆ ಕಂಡದ್ದು ಹೇಳುತ್ತೇನೆ.

ಲೋನ್ಲಿ ಪ್ಲಾನೆಟ್: ದೇಶ ಪೂರ್ತಿ ಸಿಗುತ್ತದೆ. ಸಣ್ಣ ಊರು, ಬಸ್ ದಾರಿ, ಬೆಟ್ಟ, ಕಡಲತೀರ ಎಲ್ಲಾ. ಎಲ್ಲಿಗೆ ಹೋಗಬೇಕು ಅಂತ ಇನ್ನೂ ಗೊತ್ತಿಲ್ಲದವರಿಗೆ ಒಳ್ಳೆಯದು. ಹೊಸ ಆವೃತ್ತಿಗಳಲ್ಲಿ ಫೋಟೋ ಜಾಸ್ತಿಯಾಗಿ ಹೋಟೆಲ್ ಪಟ್ಟಿ ಕಡಿಮೆಯಾಗಿದೆ, ನನಗೆ ಹಳೆಯ ಥರದ್ದೇ ಇಷ್ಟವಾಗಿತ್ತು.

ರಿಕ್ ಸ್ಟೀವ್ಸ್: ಅಮೆರಿಕದವರು. ಕೆಲವೇ ಊರು ಆರಿಸಿಕೊಂಡು ಅವುಗಳನ್ನೇ ಅರೆದು ಕುಡಿದ ಹಾಗೆ ಬರೆಯುತ್ತಾರೆ. ಬಾಗಿಲಿಂದ ಒಳಗೆ ಬನ್ನಿ, ಬಲಕ್ಕೆ ತಿರುಗಿ, ಮೂರನೇ ಚಿತ್ರದ ಮುಂದೆ ನಿಲ್ಲಿ ಅನ್ನುವ ಹಾಗೆ. ಯಾವುದನ್ನು ಬಿಟ್ಟರೂ ನಷ್ಟವಿಲ್ಲ ಅಂತಲೂ ಧೈರ್ಯವಾಗಿ ಹೇಳುತ್ತಾರೆ, ಮೂರು ತ್ರಿಕೋನ ಹಾಕಿದ್ದರೆ ತಪ್ಪಿಸಬೇಡಿ ಅಂತ ಅರ್ಥ. ಆದರೆ ಅವರು ಆರಿಸದ ಊರಿಗೆ ನೀವು ಹೋದರೆ ಪುಸ್ತಕದಲ್ಲಿ ಒಂದು ಸಾಲೂ ಇರುವುದಿಲ್ಲ. ಸಿಸಿಲಿಗೆ ಬೇರೆಯೇ ಪುಸ್ತಕ ಮಾಡಿದ್ದಾರೆ.

ಡಿಕೆ ಐವಿಟ್ನೆಸ್: ಚಿತ್ರಗಳ ಪುಸ್ತಕ. ದೊಡ್ಡ ಚರ್ಚು, ಕೊಲೋಸಿಯಂ ಇಂಥವನ್ನು ಹಲಸಿನ ಹಣ್ಣು ಕೊಯ್ದ ಹಾಗೆ ಅಡ್ಡ ಕೊಯ್ದು ಒಳಗೆ ಏನೇನಿದೆ ಅಂತ ಬರೆದು ತೋರಿಸುತ್ತಾರೆ. ನಿಮ್ಮ ಮಗಳಿಗೂ ಅಮ್ಮನಿಗೂ ಇದೇ ಹಿಡಿಸಬಹುದು. ನುಣುಪು ಕಾಗದ, ಹಾಗಾಗಿ ಕಲ್ಲಿನ ಭಾರ.

ಒಂದು ಮಾತು ಮಾತ್ರ ಮರೆಯಬೇಡಿ. ಯಾವುದನ್ನೇ ಕೊಂಡರೂ ಮೊದಲು ಒಳಗಿನ ಎರಡನೇ ಪುಟ ತೆರೆದು ಆವೃತ್ತಿಯ ವರ್ಷ ನೋಡಿ. ಮೊದಲ ಸಲ ನಾನು ಗೆಳೆಯನ ಹಳೆಯ ಪುಸ್ತಕ ತೆಗೆದುಕೊಂಡು ಹೋಗಿದ್ದೆ. ಅದರಲ್ಲಿ ಒಂದು ಮ್ಯೂಸಿಯಂ ಬಗ್ಗೆ ಬೆಳಗ್ಗೆ ಬೇಗ ಹೋದರೆ ಟಿಕೆಟ್ ಸಿಗುತ್ತದೆ ಅಂತ ಇತ್ತು. ಏಳೂವರೆಗೇ ಹೋಗಿ ಮಳೆಯಲ್ಲಿ ನಿಂತೆವು. ಬಾಗಿಲು ತೆರೆದ ಮೇಲೆ ಗೊತ್ತಾಯಿತು, ಮೊದಲೇ ಬುಕ್ ಮಾಡಿದವರಿಗೆ ಮಾತ್ರ ಪ್ರವೇಶ, ಮುಂದಿನ ಆರು ದಿನ ಖಾಲಿ ಇಲ್ಲ. ನಾವು ಮರುದಿನವೇ ಊರು ಬಿಡುವವರು. ಆ ಪುಸ್ತಕ ಒಂಬತ್ತು ವರ್ಷ ಹಳೆಯದು ಅಂತ ಹೋಟೆಲಿಗೆ ಬಂದು ನೋಡಿದೆ.

ಫೋನ್ ಸಾಕು:

ಈ ಕಾಲದಲ್ಲಿ ಯಾಕೆ ಪುಸ್ತಕ? ಸಮಯ, ಟಿಕೆಟ್, ದಾರಿ, ಊಟ ಎಲ್ಲಾ ಫೋನಿನಲ್ಲೇ ಇದೆ. ನಾನು ಹೋದ ವರ್ಷ 12 ದಿನ ಸುತ್ತಿದೆ, ಒಂದು ಪುಟ ಕಾಗದ ಒಯ್ಯಲಿಲ್ಲ. ಪುಸ್ತಕ ಅಚ್ಚಾಗುವ ಹೊತ್ತಿಗೇ ಹಳತಾಗಿರುತ್ತದೆ. ರೋಮ್‌ನ ಪುರಾತನ ದೇವಾಲಯ ಪ್ಯಾಂಥಿಯನ್ ನೋಡಿ, ಉಚಿತ ಅಂತಲೇ ಎಷ್ಟೋ ಪುಸ್ತಕದಲ್ಲಿದೆ, 2023ರ ಜುಲೈಯಲ್ಲೇ 5 ಯೂರೊ ಟಿಕೆಟ್ ಶುರುಮಾಡಿದರು. ವೆನಿಸ್‌ಗೆ ಬೆಳಗ್ಗೆ ಹೋಗಿ ಸಂಜೆ ಬರುವವರಿಗೆ 2024ರ ಏಪ್ರಿಲ್‌ನಿಂದ ಕೆಲವು ದಿನಗಳಲ್ಲಿ ಪ್ರವೇಶ ಶುಲ್ಕ ಶುರುವಾಗಿದೆ. ಪಾಂಪೇಗೆ 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನಕ್ಕೆ ಮಾತ್ರ ಬಿಡುತ್ತಾರೆ, ಟಿಕೆಟ್ ಮೇಲೆ ಹೆಸರು ಬೇಕು. ಇದನ್ನೆಲ್ಲ ಪುಸ್ತಕ ನಂಬಿಕೊಂಡು ಹೋದರೆ ಕೆಟ್ಟಿರಿ. ಆ ದುಡ್ಡಿನಲ್ಲಿ ಒಂದು ಹೊತ್ತು ಒಳ್ಳೆಯ ಊಟ ಮಾಡಿ.

ಹಂಪಿ ಗೈಡ್:

ನಾನು ಇಟಲಿಗೆ ಹೋಗಿಲ್ಲ. ಆದರೆ ಹಂಪಿಯಲ್ಲಿ 14 ವರ್ಷದಿಂದ ಗೈಡ್ ಆಗಿದ್ದೇನೆ, ಈ ಪುಸ್ತಕಗಳನ್ನು ಹಿಡಿದುಕೊಂಡು ಬರುವವರನ್ನು ದಿನಾ ನೋಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಫೋನ್ ಮಾತ್ರ ತಂದವರು ಕಲ್ಲಿನ ರಥದ ಮುಂದೆ ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಮುಂದೆ ಎಲ್ಲಿ ಅಂತ ಕೇಳುತ್ತಾರೆ. ಮನೆಯಲ್ಲಿ ಪುಸ್ತಕ ಓದಿಕೊಂಡು ಬಂದವರು ಬೇರೆ ಥರ. ಮೊನ್ನೆ ಒಬ್ಬ ಅಜ್ಜಿ, ಯುರೋಪಿನವರು, ಹಜಾರರಾಮ ದೇವಸ್ಥಾನದ ಹೊರಗೋಡೆ ಮುಂದೆ ನಿಂತು, ಆನೆ ಸಾಲು ಆಯಿತು, ಕುದುರೆ ಸಾಲು ಆಯಿತು, ಇನ್ನು ಕುಣಿಯುವವರ ಸಾಲು ಎಲ್ಲಿ ಅಂತ ನನ್ನನ್ನೇ ಕೇಳಿದರು. ಆಮೇಲೆ ಅರ್ಧ ಗಂಟೆ ಆ ಒಂದೇ ಗೋಡೆ ನೋಡಿದೆವು. ನನಗೂ ಖುಷಿ, ಅವರಿಗೂ ಖುಷಿ.

ಆರಿಸುವುದಕ್ಕೆ ಒಂದು ಉಪಾಯ ಹೇಳುತ್ತೇನೆ ಅಕ್ಕ. ಅಂಗಡಿಗೆ ಹೋದಾಗ ಅದೇ ಕಂಪನಿಯ ಭಾರತದ ಪುಸ್ತಕ ತೆಗೆಯಿರಿ. ಹಂಪಿ ಪುಟ ನೋಡಿ, ಬಾದಾಮಿ ನೋಡಿ, ನಿಮ್ಮ ಕಡೆಯ ಜೋಗ ನೋಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಜಾಗದ ಬಗ್ಗೆ ಸರಿಯಾಗಿ ಬರೆದಿದ್ದಾರಾ? ಸುಮ್ನೆ ಅದ್ಭುತ, ರಮಣೀಯ ಅಂತ ತುಂಬಿಸಿದ್ದಾರಾ? ತುಂಗಭದ್ರೆ ತುಂಬಿದರೆ ದೋಣಿ ನಿಲ್ಲುತ್ತದೆ, ವಿಠ್ಠಲ ದೇವಸ್ಥಾನಕ್ಕೆ ಮಧ್ಯಾಹ್ನ ಬಿಸಿಲಲ್ಲಿ ಹೋಗಬೇಡಿ, ಇಂಥ ಮಾತು ಇದೆಯಾ? ನಮ್ಮೂರಿನ ಬಗ್ಗೆ ಸುಳ್ಳು ಬರೆದವರು ಇಟಲಿ ಬಗ್ಗೆ ನಿಜ ಬರೆಯುತ್ತಾರೆ ಅಂತ ನಾನಂತೂ ನಂಬುವುದಿಲ್ಲ.

ರೈಲುಪ್ರೇಮಿ:

ಗೈಡ್ ಸರ್ ಹೇಳಿದ್ದು ಬಹಳ ಒಳ್ಳೆಯ ಉಪಾಯ. ಆದರೆ ಒಂದೇ ಕಂಪನಿಯಲ್ಲೂ ದೇಶಕ್ಕೊಬ್ಬರು ಬರೆಯುತ್ತಾರೆ, ಕೆಲವು ಸಲ ಒಂದೇ ಪುಸ್ತಕದಲ್ಲಿ ಊರಿಗೊಬ್ಬರು. ಹಾಗಾಗಿ ಆ ಪರೀಕ್ಷೆ ಒಂದರ ಮೇಲೇ ನಿಲ್ಲಬೇಡಿ. ನೀವು ಹೋಗುವ ಒಂದು ಊರಿನ ಒಂದೇ ಜಾಗ ಆರಿಸಿಕೊಂಡು ಮೂರೂ ಪುಸ್ತಕದಲ್ಲಿ ಅದೇ ಪುಟ ಓದಿ ನೋಡಿ. ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಚಿತ್ರದ ಮೇಷ್ಟ್ರು:

ಪಾದುವಾದಲ್ಲಿ ಉಳಿಯುತ್ತಿದ್ದೀರಿ ಅಂದರಲ್ಲ, ಬಹಳ ಸಂತೋಷವಾಯಿತು. ಹೆಚ್ಚಿನವರು ವೆನಿಸ್‌ಗೆ ಓಡುವಾಗ ಆ ಊರನ್ನು ಕಿಟಕಿಯಿಂದ ನೋಡಿಕೊಂಡು ಹೋಗುತ್ತಾರೆ.

ಹೋಲಿಸಿ ನೋಡುವುದಾದರೆ ಅಲ್ಲಿನ ಸ್ಕ್ರೊವೆನ್ಯಿ ಚಾಪೆಲ್‌ನ (ಚಿಕ್ಕ ಚರ್ಚು) ಪುಟವನ್ನೇ ಹೋಲಿಸಿ. ಜೊತ್ತೊ ಅನ್ನುವ ಕಲಾವಿದ ಗೋಡೆಗಳ ಮೇಲೆ ಚಿತ್ರ ಬರೆದು 1305ರ ಹೊತ್ತಿಗೆ ಮುಗಿಸಿದ ಜಾಗ. ಮೊದಲೇ ಬುಕ್ ಮಾಡಬೇಕು. ಹೊರಗಿನ ಗಾಳಿ, ತೇವ ಒಳಗೆ ಹೋಗಬಾರದು ಅಂತ ಮೊದಲು ಒಂದು ಗಾಜಿನ ಕೋಣೆಯಲ್ಲಿ 15 ನಿಮಿಷ ಕೂರಿಸುತ್ತಾರೆ. ಆಮೇಲೆ ಒಳಗೆ ಸಾಮಾನ್ಯವಾಗಿ ಸಿಗುವುದು 15 ನಿಮಿಷ. ಅಷ್ಟೇ. ಫೋನ್ ತೆಗೆದು ಹುಡುಕುತ್ತಾ ಕೂರಲು ಹೊತ್ತಿಲ್ಲ.

ಅಲ್ಲಿ ಏನು ನೋಡಬೇಕು ಅನ್ನುವುದು ಮನಸ್ಸಿನಲ್ಲಿ ಮೊದಲೇ ಇದ್ದರೆ ಆ 15 ನಿಮಿಷ ಒಂದು ಗಂಟೆಗೆ ಸಮ. ಮೇಲಿನ ಸಾಲಿನಲ್ಲಿ ಮೇರಿಯ ತಂದೆ ತಾಯಿಯ ಕತೆ, ಮೇರಿಯ ಕತೆ. ಅದರ ಕೆಳಗೆ ಕ್ರಿಸ್ತನ ಜೀವನ. ಎಲ್ಲಕ್ಕಿಂತ ಕೆಳಗೆ, ಕಲ್ಲಿನಲ್ಲಿ ಕೆತ್ತಿದ ಹಾಗೆ ಕಾಣುವ ಬೂದು ಬಣ್ಣದಲ್ಲಿ, ಒಂದು ಕಡೆ ಏಳು ಸದ್ಗುಣ, ಎದುರಿಗೆ ಏಳು ದುರ್ಗುಣ. ಬಾಗಿಲ ಗೋಡೆಯ ಪೂರ್ತಿ ಕೊನೆಯ ತೀರ್ಪಿನ ಚಿತ್ರ, ಅದರಲ್ಲಿ ಚಾಪೆಲ್ ಕಟ್ಟಿಸಿದ ಎನ್ರಿಕೊ ಸ್ಕ್ರೊವೆನ್ಯಿ ಮಂಡಿಯೂರಿ ಚಾಪೆಲ್‌ನ ಮಾದರಿಯನ್ನೇ ಒಪ್ಪಿಸುತ್ತಿದ್ದಾನೆ. ಹುಟ್ಟಿದ ಮಗುವನ್ನು ನೋಡಲು ಜ್ಞಾನಿಗಳು ಬರುವ ಚಿತ್ರದಲ್ಲಿ ನಕ್ಷತ್ರದ ಜಾಗದಲ್ಲಿ ಬಾಲವಿರುವ ಧೂಮಕೇತು ಇದೆ. 1301ರಲ್ಲಿ ಹ್ಯಾಲಿ ಧೂಮಕೇತು ಕಾಣಿಸಿಕೊಂಡಿತ್ತು, ಅದನ್ನು ನೋಡಿಯೇ ಬರೆದಿರಬೇಕು ಅಂತ ಎಷ್ಟೋ ವಿದ್ವಾಂಸರು ಹೇಳುತ್ತಾರೆ.

ಇಂಥ ವಿವರ ಬೇಕಾದರೆ ಬ್ಲೂ ಗೈಡ್. 1918ರಿಂದ ಬರುತ್ತಿರುವ ಸರಣಿ. ಒಂದೊಂದು ಚರ್ಚಿನ ಒಂದೊಂದು ಮೂಲೆಯನ್ನೂ ಬರೆಯುತ್ತಾರೆ. ಫೋಟೋ ಕಡಿಮೆ, ಅಕ್ಷರ ಸಣ್ಣದು, ಊಟ ವಸತಿ ವಿಷಯ ಅಷ್ಟಕ್ಕಷ್ಟೆ. ಫೋನ್ ಸಾಕು ಅಂದವರ ಮಾತು ಒಂದು ಮಟ್ಟಿಗೆ ಸರಿ, ಟಿಕೆಟ್ ದರ ಹಳತಾಗುತ್ತದೆ. ಆದರೆ ಜೊತ್ತೊ ಬರೆದ ಚಿತ್ರ ಹಳತಾಗುವುದಿಲ್ಲವಲ್ಲ. ಇಂಥ ಪುಸ್ತಕ 10 ವರ್ಷ ಹಿಂದಿನದಾದರೂ ನಡೆಯುತ್ತದೆ, ಸೆಕೆಂಡ್ ಹ್ಯಾಂಡ್ ಧಾರಾಳವಾಗಿ ಕೊಳ್ಳಬಹುದು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಬ್ಲಾಸಮ್ ಪುಸ್ತಕದಂಗಡಿಯಲ್ಲಿ ಪ್ರವಾಸದ ಕಪಾಟು ಒಮ್ಮೆ ತಡಕಾಡಿ.

ಸಾಗರದವಳು:

ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಎಲ್ಲಾ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು: "ಅದರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಸಮಾಧಿ ಇರುವ ಚರ್ಚು ಇದೆಯಾ ನೋಡು."

ನನಗೆ ಹೆಸರು ಮರೆತೇ ಹೋಗಿತ್ತು. ರೋಮ್‌ನ ಪ್ರವಾಸಿ. 1623ರಲ್ಲಿ ಗೋವಾದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆ ಮೇಲೆ ಘಟ್ಟ ಹತ್ತಿ, ನಮ್ಮ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನ ನೋಡಿದವನು. ದಾರಿಯಲ್ಲಿ ದೇವಸ್ಥಾನದ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿಕೊಂಡು, ಲೆಕ್ಕವನ್ನು ಹಾಡುತ್ತಾ ಬೆರಳಲ್ಲಿ ಬರೆದು ಕಲಿಯುವುದನ್ನು ನೋಡಿ ಪತ್ರದಲ್ಲಿ ಬರೆದಿದ್ದಾನೆ. ಅಮ್ಮ ಪ್ರತಿ ವರ್ಷ ಒಂಬತ್ತನೇ ಕ್ಲಾಸಿಗೆ ಈ ಭಾಗ ಹೇಳುತ್ತಿದ್ದರು. ಅವನನ್ನು ಹೂಳಿದ್ದು ರೋಮ್‌ನ ಸಾಂತಾ ಮರಿಯಾ ಇನ್ ಅರಾಚೇಲಿ ಚರ್ಚಿನಲ್ಲಂತೆ. ಇಕ್ಕೇರಿಯಿಂದ ಆರು ಕಿಲೋಮೀಟರ್ ದೂರದಲ್ಲಿ ಹುಟ್ಟಿ ಬೆಳೆದವಳು ರೋಮ್‌ಗೆ ಹೋಗಿ ಅವನನ್ನು ಮಾತಾಡಿಸದೆ ಬರುವುದು ಹೇಗೆ ಅನ್ನುತ್ತಾರೆ.

ಕೊಲೋಸಿಯಂ ಎಲ್ಲಾ ಪುಸ್ತಕದಲ್ಲೂ ಇರುತ್ತದೆ. ಈ ಚರ್ಚು?

ರೈಲುಪ್ರೇಮಿ:

ಈಗ ಸರಿಯಾದ ಪರೀಕ್ಷೆ ಸಿಕ್ಕಿತು ನೋಡಿ. ನನ್ನ ಕಪಾಟಿನಲ್ಲಿರುವ ಮೂರನ್ನೂ ತೆಗೆದು ಹಿಂದಿನ ಪದಸೂಚಿಯಲ್ಲಿ ಹುಡುಕಿದೆ. ಮೂರರಲ್ಲೂ ಹೆಸರು ಇದೆ. ಒಂದರಲ್ಲಿ ಎದುರಿನ ಮೆಟ್ಟಿಲು ಬಹಳ ಕಡಿದು ಅಂತ ಮಾತ್ರ ಇದೆ. ಇನ್ನೊಂದರಲ್ಲಿ ಚಿನ್ನದ ಬಣ್ಣದ ಚಾವಣಿ ಬಗ್ಗೆ ನಾಲ್ಕು ಸಾಲು. ಮೂರನೆಯದರಲ್ಲಿ ಮಾತ್ರ ನಿಮ್ಮ ಅಮ್ಮನಿಗೆ ಬೇಕಾದ ಮಾತು ಇದೆ: ಎದುರಿನ 124 ಮೆಟ್ಟಿಲು ಹತ್ತಬೇಕಾಗಿಲ್ಲ, ಪಕ್ಕದ ಕಾಂಪಿದೋಲ್ಯೊ ಚೌಕದ ಕಡೆಯಿಂದ ಚಿಕ್ಕ ಮೆಟ್ಟಿಲಿನ ಪಕ್ಕದ ಬಾಗಿಲು ಇದೆ.

ಆ ಒಂದು ಸಾಲಿಗೆ ಪುಸ್ತಕದ ದುಡ್ಡು ಕೊಡಬಹುದು. ಮಂಡಿ ನೋವಿನವರ ಜೊತೆ ಹೋಗುವಾಗ ಪುಸ್ತಕದಲ್ಲಿ ಮೆಟ್ಟಿಲಿನ ಲೆಕ್ಕ ಇದೆಯಾ ಅಂತ ನೋಡಿಯೇ ಕೊಳ್ಳಿ. ಫ್ಲಾರೆನ್ಸ್‌ನ ದೊಡ್ಡ ಚರ್ಚಿನ ಬ್ರುನೆಲ್ಲೆಸ್ಕಿ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ಅದನ್ನು ಮೊದಲೇ ಹೇಳದ ಪುಸ್ತಕ ನಿಮಗೆ ಬೇಡ.

ಮಿಲಾನ್ ಕನ್ನಡತಿ:

ಇಲ್ಲಿ 9 ವರ್ಷದಿಂದ ಇದ್ದೇನೆ. ಊರಿಂದ ಬರುವವರಿಗೆಲ್ಲ ಹೇಳುವುದನ್ನು ಇಲ್ಲೂ ಬರೆಯುತ್ತೇನೆ, ಯಾಕೆಂದರೆ ಇದು ಯಾವ ಇಂಗ್ಲಿಷ್ ಗೈಡ್‌ನಲ್ಲೂ ನಮಗೆ ಬೇಕಾದ ಹಾಗೆ ಸಿಗುವುದಿಲ್ಲ.

ಊಟ. ಸಸ್ಯಾಹಾರಿ ಅಂತ ಗುರುತು ಹಾಕಿದ ಹೋಟೆಲಿಗಿಂತ ತಿಂಡಿಗಳ ಹೆಸರು ಮತ್ತು ಅದರಲ್ಲಿ ಏನಿದೆ ಅಂತ ವಿವರಿಸಿದ ಪುಸ್ತಕ ಆರಿಸಿ. ತಾಜಾ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಬೊಲೋನ್ಯ, ರವೆನ್ನಾ ಕಡೆ ಅಂತೂ ಅದೇ. ಒಣ ಪಾಸ್ತಾ, ಇಲ್ಲಿ ಪಾಸ್ತಾ ಸೆಕ್ಕಾ ಅನ್ನುತ್ತಾರೆ, ಅದು ಗೋಧಿ ರವೆ ಮತ್ತು ನೀರು. ಅಮ್ಮನಿಗೆ ಅದನ್ನೇ ಕೇಳಿ. ಮಿನೆಸ್ಟ್ರೋನೆ ತರಕಾರಿ ಸಾರು ಅಂದುಕೊಳ್ಳುತ್ತೇವೆ, ಎಷ್ಟೋ ಕಡೆ ಮಾಂಸದ ನೀರಲ್ಲಿ ಮಾಡುತ್ತಾರೆ. ರವೆನ್ನಾ ಕಡೆಯ ಪಿಯಾದೀನಾ ನಮ್ಮ ಚಪಾತಿ ಥರ ಕಾಣುತ್ತದೆ, ಆದರೆ ಹಿಟ್ಟಿಗೆ ಹಂದಿ ಕೊಬ್ಬು ಹಾಕುವ ರೂಢಿ ಇದೆ, ಅದಕ್ಕೆ ಸ್ತ್ರುತ್ತೊ ಅನ್ನುತ್ತಾರೆ. ಎಣ್ಣೆಯಲ್ಲಿ ಮಾಡಿದ್ದೂ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ. ಪಾರ್ಮಿಜಾನೊ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ, ಅದು ನಿಮಗೆ ಆಗುತ್ತದೋ ಇಲ್ಲವೋ ಮನೆಯಲ್ಲೇ ಮಾತಾಡಿಕೊಳ್ಳಿ. ಪಿಜ್ಜಾ ಮರಿನಾರಾ ಧೈರ್ಯವಾಗಿ ತಿನ್ನಿ, ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೆ. ಹೆಸರು ಕೇಳಿ ಮೀನು ಅಂದುಕೊಳ್ಳಬೇಡಿ. ಎಲ್ಲಾದರೂ ಫರಿನಾತಾ ಸಿಕ್ಕರೆ ಬಿಡಬೇಡಿ, ಕಡಲೆಹಿಟ್ಟು ಕಲಸಿ ದೊಡ್ಡ ತಾಮ್ರದ ತಟ್ಟೆಯಲ್ಲಿ ಹೊಯ್ದು ಒಲೆಯಲ್ಲಿ ಬೇಯಿಸುತ್ತಾರೆ, ಅಂಚು ಗರಿಗರಿ, ನಡುವೆ ಮೆತ್ತಗೆ. ಮೇಲೆ ಕಾಳುಮೆಣಸು ಉದುರಿಸಿದರೆ ನಮ್ಮ ಬಾಯಿಗೆ ಹಿತವಾಗುತ್ತದೆ.

ರೈಲು. ವೇಗದ ರೈಲಿನ ಟಿಕೆಟ್‌ನಲ್ಲಿ ರೈಲು, ಸೀಟು, ಹೊತ್ತು ಎಲ್ಲಾ ಗೊತ್ತಾಗಿರುತ್ತದೆ. ಬೊಲೋನ್ಯದಿಂದ ರವೆನ್ನಾಗೆ ಹೋಗುವಂಥ ಸ್ಥಳೀಯ ರೈಲಿಗೆ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರಂನ ಚಿಕ್ಕ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು. ಇಲ್ಲದಿದ್ದರೆ ದಂಡ.  ಪುಸ್ತಕದಲ್ಲಿ ಇದು ಇದೆಯಾ ನೋಡಿ.

ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳು ಉಚಿತ. ದುಡ್ಡು ಉಳಿಯುತ್ತದೆ ಅಂತ ಅಮ್ಮನನ್ನು ಕರೆದುಕೊಂಡು ಹೋಗಬೇಡಿ, ನೂಕುನುಗ್ಗಲು. ಮಿಲಾನ್‌ನಲ್ಲಿ ಲಿಯೊನಾರ್ಡೊನ ಕೊನೆಯ ಭೋಜನದ ಚಿತ್ರಕ್ಕೂ 15 ನಿಮಿಷವೇ, ಟಿಕೆಟ್ ತಿಂಗಳುಗಳ ಮೊದಲೇ ಖಾಲಿಯಾಗುತ್ತದೆ. ಪುಸ್ತಕ ಆಮೇಲೆ ಕೊಳ್ಳಿ, ಇದನ್ನು ಇವತ್ತೇ ನೋಡಿ.

ಫೋನ್ ಸಾಕು:

ಮೇಷ್ಟ್ರು ಬರೆದದ್ದು ಓದಿದೆ. ನಾನೂ ಪಾದುವಾ ದಾಟಿಕೊಂಡು ಹೋದವನೇ, ಆ ಚಾಪೆಲ್ ಇದೆ ಅಂತಲೇ ಗೊತ್ತಿರಲಿಲ್ಲ. ಫೋನಿನಲ್ಲಿ ನಾವು ಕೇಳಿದ್ದು ಮಾತ್ರ ಸಿಗುತ್ತದೆ. ಕೇಳಬೇಕು ಅಂತ ಗೊತ್ತಿಲ್ಲದ್ದು ಸಿಗುವುದಿಲ್ಲ. ಅದಕ್ಕೆ ಪುಸ್ತಕ ಬೇಕು ಅನ್ನುವುದನ್ನು ಒಪ್ಪುತ್ತೇನೆ.

ಆದರೂ ಎರಡು ಕೆಲಸ ಫೋನಿನಲ್ಲೇ ಮಾಡಿ. ಊರುಗಳ ನಕ್ಷೆ ಮೊದಲೇ ಇಳಿಸಿಕೊಳ್ಳಿ, ವೆನಿಸ್ ಗಲ್ಲಿಗಳಲ್ಲಿ ನೆಟ್ ಕೈಕೊಡುತ್ತದೆ. ವಿಕಿಪೀಡಿಯ ಥರದ ಪ್ರವಾಸದ ಸೈಟು ವಿಕಿವಾಯೇಜ್, ಅದರ ಪುಟಗಳನ್ನೂ ಉಳಿಸಿಕೊಳ್ಳಿ, ಉಚಿತ. ರಿಕ್ ಸ್ಟೀವ್ಸ್ ಅವರ ಆಡಿಯೋ ಗೈಡ್‌ಗಳೂ ಉಚಿತವಾಗಿ ಸಿಗುತ್ತವೆ, ಕೊಲೋಸಿಯಂ, ಫ್ಲಾರೆನ್ಸ್‌ನ ಉಫಿತ್ಸಿ ಮ್ಯೂಸಿಯಂ ಎಲ್ಲಾ ಇದೆ. ಸಮಯ ಮತ್ತು ದರ ಮಾತ್ರ ಆಯಾ ಜಾಗದ ಅಧಿಕೃತ ವೆಬ್‌ಸೈಟ್‌ನಲ್ಲೇ ನೋಡಿ, ಬೇರೆಯವರ ಸೈಟಿನಲ್ಲಿ ಟಿಕೆಟ್ ಕೊಂಡರೆ ಎಷ್ಟೋ ಸಲ ಜಾಸ್ತಿ ದುಡ್ಡು ತೆಗೆದುಕೊಳ್ಳುತ್ತಾರೆ.

ಬಸವನಗುಡಿ:

ಭಾರದ ವಿಷಯ ಯಾರೂ ಪೂರ್ತಿ ಹೇಳಲಿಲ್ಲ. ಪುಸ್ತಕ ಇಡಿಯಾಗಿ ಒಯ್ಯಬೇಡಿ. ಅದನ್ನು ಕತ್ತರಿಸಿ. ನಾನು ಪ್ರತಿ ಸಲ ಮಾಡುವುದು ಇದನ್ನೇ. ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯವರಿಗೆ ಕೊಟ್ಟರೆ ಬೆನ್ನಿನ ಅಂಟನ್ನು ದೊಡ್ಡ ಕಟರ್‌ನಲ್ಲಿ ಒಂದೇ ಏಟಿಗೆ ತೆಗೆಯುತ್ತಾರೆ. ಆಮೇಲೆ ಊರಿಗೊಂದು ಭಾಗ ಮಾಡಿ ಸ್ಪೈರಲ್ ಬೈಂಡಿಂಗ್, ಮೇಲೆ ಪಾರದರ್ಶಕ ಹಾಳೆ. ಮಿಲಾನ್ ಪಾದುವಾ ಒಂದು, ಫ್ಲಾರೆನ್ಸ್ ಒಂದು, ರೋಮ್ ಒಂದು. ದಿನಾ ಒಂದು ತೆಳ್ಳನೆ ಪುಸ್ತಕ ಮಾತ್ರ ಚೀಲಕ್ಕೆ. ಹಿಂದೆ ಮಡಚಿ ಒಂದೇ ಕೈಯಲ್ಲಿ ಹಿಡಿಯಬಹುದು. ಪುಸ್ತಕ ಕತ್ತರಿಸಲು ಮನಸ್ಸು ಬರುವುದಿಲ್ಲ ಅಂತ ಗೊತ್ತು. ನನಗೂ ಮೊದಲ ಸಲ ಅಂಗಡಿಯಲ್ಲಿ ಕಣ್ಣು ಮುಚ್ಚಿಕೊಳ್ಳಬೇಕು ಅನಿಸಿತ್ತು. ಆದರೆ ಮನೆಯಲ್ಲಿಟ್ಟು ಹೋದ ಪುಸ್ತಕಕ್ಕಿಂತ ಕತ್ತರಿಸಿ ಒಯ್ದ ಪುಸ್ತಕವೇ ಮೇಲು.

ಮಲೆನಾಡಿನವ:

ಕನ್ನಡದಲ್ಲಿ ಇಂಥ ಗೈಡ್ ಇಲ್ಲವಾ? ಅಮ್ಮಂದಿರು ಓದುವಂಥದ್ದು.

ಚಿತ್ರದ ಮೇಷ್ಟ್ರು:

ಪ್ರವಾಸ ಕಥನ ಬೇಕಾದಷ್ಟಿವೆ, ಕಾರಂತರ 'ಅಪೂರ್ವ ಪಶ್ಚಿಮ' ಇದ್ದೇ ಇದೆ. ಅವನ್ನು ಹೋಗುವ ಮೊದಲು ಓದಬೇಕು. ಆದರೆ ಯಾವ ಬಾಗಿಲಿಂದ ಒಳಗೆ ಹೋಗಬೇಕು, ಯಾವ ವಾರ ರಜೆ ಅಂತ ಹೇಳುವ ಕೈಪಿಡಿ ಬೇರೆ ಜಾತಿಯದು. ಕನ್ನಡದಲ್ಲಿ ಯಾರಾದರೂ ಕೂತು ಬರೆಯಬೇಕು, ಖಂಡಿತ ಓದುವವರಿದ್ದಾರೆ.

ಸಾಗರದವರೇ, ನನ್ನ ಹತ್ತಿರ ಬ್ಲೂ ಗೈಡ್‌ನ ರೋಮ್ ಸಂಪುಟ ಇದೆ. ಹಳೆಯದು. ಅಮ್ಮನಿಗೆ ಅರಾಚೇಲಿ ಭಾಗ ಓದಲು ಬೇಕಾದರೆ ಕೊರಿಯರ್ ಮಾಡುತ್ತೇನೆ. ಕತ್ತರಿಸುವುದು ಮಾತ್ರ ಬೇಡ.

ಸಾಗರದವಳು:

ಮೇಷ್ಟ್ರೇ, ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಪುಸ್ತಕ ಬಂತು. ರಟ್ಟು ಹಾಕಿ ಇಟ್ಟಿದ್ದೇವೆ.

ಕೊನೆಗೆ ತೆಗೆದುಕೊಂಡದ್ದು: ರಿಕ್ ಸ್ಟೀವ್ಸ್ ಇಟಲಿಯ ಹೊಸ ಆವೃತ್ತಿ, ಜೊತೆಗೆ ಚರ್ಚ್ ಸ್ಟ್ರೀಟ್‌ನಲ್ಲಿ ಸಿಕ್ಕಿದ ಸೆಕೆಂಡ್ ಹ್ಯಾಂಡ್ ಡಿಕೆ. ರಿಕ್ ಸ್ಟೀವ್ಸ್ ಪುಸ್ತಕವನ್ನು ಬಸವನಗುಡಿಯವರು ಹೇಳಿದ ಹಾಗೆ ಊರಿಗೊಂದು ಭಾಗವಾಗಿ ಕತ್ತರಿಸಿದೆವು. ಡಿಕೆ ಮನೆಯಲ್ಲಿ ಓದುವುದಕ್ಕೆ, ಅದರ ದರ, ಸಮಯ ಏನೂ ನೋಡುವುದಿಲ್ಲ. ದಿನಾ ರಾತ್ರಿ ಊಟ ಆದ ಮೇಲೆ ಮಗಳು ಒಂದು ಪುಟ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುತ್ತಾಳೆ, ಅಮ್ಮ ಅದನ್ನು ಕನ್ನಡದಲ್ಲಿ ಅವಳಿಗೇ ತಿರುಗಿ ಹೇಳಿ, 200 ಪುಟದ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಾರೆ. ಮೊದಲು ಪಾಂಪೇಯನ್ನು ಹೂತುಹಾಕಿದ ಜ್ವಾಲಾಮುಖಿ ವಿಸುವಿಯಸ್‌ನ ಪುಟ ಮುಗಿಯಿತು. ಕೊನೆಯ ಭೋಜನಕ್ಕೂ ಸ್ಕ್ರೊವೆನ್ಯಿಗೂ ಟಿಕೆಟ್ ಆಯಿತು.

ಸಾಗರದವಳು:

ವಾಪಸ್ ಬಂದೆವು. ಹೋದ ವಾರವೇ ಬಂದದ್ದು, ಇಷ್ಟೊಂದು ಸಹಾಯ ಮಾಡಿದ ನಿಮಗೆಲ್ಲ ಬರೆಯದೆ ಹೇಗಿರಲಿ.

ಮೊದಲು ಪುಸ್ತಕ ಎಲ್ಲಿ ಕೈಹಿಡಿಯಿತು, ಎಲ್ಲಿ ಬಿಟ್ಟಿತು ಅಂತ ಹೇಳುತ್ತೇನೆ. ದಾರಿ, ಕ್ಯೂ, ಯಾವ ಬಾಗಿಲು, ಯಾವ ಹೊತ್ತು, ಇದಕ್ಕೆಲ್ಲ ರಿಕ್ ಸ್ಟೀವ್ಸ್ ಬಹಳ ಉಪಯೋಗಕ್ಕೆ ಬಂತು. ಊಟಕ್ಕೆ ಯಾವ ಪುಸ್ತಕವೂ ಆಗಲಿಲ್ಲ, ಮಿಲಾನ್ ಕನ್ನಡತಿಯವರ ಪೋಸ್ಟನ್ನು ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ, ಅದೇ ನಮ್ಮ ಗೈಡ್. ಪಾಸ್ತಾ ಸೆಕ್ಕಾ ಅನ್ನುವ ಎರಡು ಮಾತು ಅಮ್ಮ ಬಾಯಿಪಾಠ ಮಾಡಿಬಿಟ್ಟಿದ್ದರು. ರವೆನ್ನಾದಲ್ಲಿ ಎಣ್ಣೆ ಪಿಯಾದೀನಾ ಸಿಕ್ಕಿತು.

ಸ್ಕ್ರೊವೆನ್ಯಿ ಬಗ್ಗೆ ಮೇಷ್ಟ್ರಿಗೆ ಹೇಳಲೇಬೇಕು. ಗಾಜಿನ ಕೋಣೆಯಲ್ಲಿ ಕೂತಾಗ ಅಮ್ಮ ನೋಟ್‌ಬುಕ್ ತೆಗೆದು ಮಗಳಿಗೆ ಕೆಲಸ ಹಂಚಿದರು: ನೀನು ಧೂಮಕೇತು ಹುಡುಕು, ನಾನು ದುರ್ಗುಣಗಳನ್ನು ನೋಡುತ್ತೇನೆ. ಒಳಗೆ ಹೋದ ತಕ್ಷಣ ಎಲ್ಲರೂ ಕತ್ತೆತ್ತಿ ನೀಲಿ ಚಾವಣಿ, ಚಿನ್ನದ ನಕ್ಷತ್ರ ನೋಡುತ್ತಾ ನಿಂತರು. ನಮ್ಮ ಮಗಳು ಸೀದಾ ಗೋಡೆಗೆ ಹೋಗಿ, ಅಜ್ಜೀ ಸಿಕ್ಕಿತು ಅಂದಳು. ಕೊಟ್ಟಿಗೆಯ ಮೇಲೆ ಕೆಂಪಗೆ ಉರಿಯುತ್ತಾ ಬಾಲ ಎಳೆದುಕೊಂಡು ಹೋಗುತ್ತಿದೆ. ಅಮ್ಮ ಅಸೂಯೆಯ ಮುಂದೆ ನಿಂತುಬಿಟ್ಟಿದ್ದರು. ಅವಳ ಬಾಯಿಂದ ಹಾವು ಹೊರಗೆ ಬಂದು ತಿರುಗಿ ಅವಳ ಕಣ್ಣಿಗೇ ಬರುತ್ತಿದೆ. 700 ವರ್ಷದ ಹಿಂದಿನ ಚಿತ್ರ. ಗಂಟೆ ಬಾರಿಸಿದಾಗ ಹೊರಡಲು ಮನಸ್ಸಿಲ್ಲ, ಆದರೆ ನೋಡಬೇಕಾದ್ದು ಬಿಟ್ಟುಹೋಯಿತು ಅಂತ ಅನಿಸಲಿಲ್ಲ.

ಪಾಂಪೇಯಲ್ಲಿ ಪುಸ್ತಕ ತೆರೆಯಲೇ ಇಲ್ಲ. ಬೀದಿ ದಾಟಲು ಹಾಕಿದ ಎತ್ತರದ ಕಲ್ಲುಗಳು, ಅವುಗಳ ನಡುವೆ ಗಾಡಿ ಚಕ್ರ ಸವೆಸಿದ ಜಾಡು. ಅಮ್ಮ ಬಗ್ಗಿ ಆ ಜಾಡಿನೊಳಗೆ ಅಂಗೈ ಇಟ್ಟು ಆಳ ನೋಡಿದರು. ಅಷ್ಟು ಸಾಕಾಯಿತು.

ರೋಮ್‌ನಲ್ಲಿ ಕೊನೆಯ ಸಂಜೆ ಅರಾಚೇಲಿ. ಎದುರಿನ ಮೆಟ್ಟಿಲು ನೋಡಿದರೆ ಎದೆ ಝಲ್ ಅನ್ನುತ್ತದೆ. ಪಕ್ಕದ ದಾರಿ ಹಿಡಿದು, ಕಾಂಪಿದೋಲ್ಯೊ ಚೌಕದಿಂದ ಎಡಕ್ಕೆ, ನಿಧಾನವಾಗಿ ಎರಡು ಕಡೆ ನಿಂತು ಹತ್ತಿಸಿದೆವು. ಒಳಗೆ ಹತ್ತಾರು ಜನ ಅಷ್ಟೆ. ಹಳೆಯ ರೋಮನ್ ಕಟ್ಟಡಗಳಿಂದ ತಂದ ಕಂಬಗಳು, ಒಂದರ ಹಾಗೆ ಒಂದಿಲ್ಲ. ಅಮ್ಮ ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗಳನ್ನು ಹತ್ತಿರ ಕೂರಿಸಿಕೊಂಡು ಮರಳಿನ ಮೇಲೆ ಲೆಕ್ಕ ಬರೆಯುತ್ತಿದ್ದ ಹುಡುಗರ ಕತೆ ಹೇಳಿದರು, ಪಿಸುಮಾತಿನಲ್ಲಿ, ಕ್ಲಾಸಿನಲ್ಲಿ ಹೇಳುತ್ತಿದ್ದ ಹಾಗೇ. "ಆ ಹುಡುಗರನ್ನು ನೋಡಿ ಬರೆದವನು ಇಲ್ಲೇ ಇದ್ದಾನೆ" ಅಂದರು. ಮಗಳು ಬೆಂಚಿನ ಮರದ ಮೇಲೆ ಬೆರಳಲ್ಲಿ ಒಂದೊಂದ್ಲ ಒಂದು ಬರೆಯುತ್ತಾ ಕೂತಿದ್ದಳು.

ಹಂಪಿ ಗೈಡ್:

ಓದಿ ಬಹಳ ಖುಷಿಯಾಯಿತು ಅಕ್ಕ. ಅಮ್ಮನನ್ನು ಒಮ್ಮೆ ಹಂಪಿಗೂ ಕರೆದುಕೊಂಡು ಬನ್ನಿ. ಇಟಲಿಯ ನಿಕೊಲೊ ಕೊಂಟಿ 1420ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ, ಅವನು ನೋಡಿದ ಊರನ್ನು ತೋರಿಸುತ್ತೇನೆ.

ಮಲೆನಾಡಿನವ:

ನಾವು ಮುಂದಿನ ಏಪ್ರಿಲ್‌ಗೆ ಹೊರಟಿದ್ದೇವೆ. ಆ ಕತ್ತರಿಸಿದ ಭಾಗಗಳು ಈಗ ಬೇಡವಾದರೆ ಸಿಗಬಹುದಾ?

ಸಾಗರದವಳು:

ಖಂಡಿತ. ಮಿಲಾನ್ ಪಾದುವಾ ಭಾಗ ಮತ್ತು ಫ್ಲಾರೆನ್ಸ್ ಭಾಗ ಕೊಡುತ್ತೇನೆ, ವಿಳಾಸ ಮೆಸೇಜ್ ಮಾಡಿ. ಟಿಕೆಟ್ ದರ ಬದಲಾದ ಕಡೆ ಪೆನ್ಸಿಲ್‌ನಲ್ಲಿ ತಿದ್ದಿದ್ದೇನೆ, ಆದರೂ ನೀವು ಹೋಗುವ ಮೊದಲು ಇನ್ನೊಮ್ಮೆ ನೋಡಿಕೊಳ್ಳಿ. ನೇಪಲ್ಸ್ ಭಾಗಕ್ಕೆ ಟೊಮೆಟೊ ಚೆಲ್ಲಿದೆ, ಓದಲು ಬರುತ್ತದೆ. ರೋಮ್ ಭಾಗ ಕೇಳಬೇಡಿ. ಅಮ್ಮ ಅದನ್ನೂ ನೋಟ್‌ಬುಕ್ಕನ್ನೂ ಸಾಗರಕ್ಕೆ ತೆಗೆದುಕೊಂಡು ಹೋಗಿ, ಜೊತೆಯಲ್ಲಿ ಪಾಠ ಮಾಡುತ್ತಿದ್ದ ಇಬ್ಬರು ಮೇಡಂಗಳಿಗೆ ಓದಲು ಕೊಟ್ಟಿದ್ದಾರೆ. ಮೇಷ್ಟ್ರ ಬ್ಲೂ ಗೈಡ್ ಸೋಮವಾರ ಕೊರಿಯರ್ ಮಾಡಿದ್ದೇನೆ.